ಗಂಡು, ಹೆಣ್ಣು ಎರಡೂ ಅಲ್ಲ ಎನ್ನುವವರಿಗೆ ಸರ್ಕಾರಿ ದಾಖಲೆಯಲ್ಲಿ ಜಾಗವಿದೆಯೇ?

ನೀವು ಗಂಡೆಂದಾಗಲಿ ಹೆಣ್ಣೆಂದಾಗಲಿ ಗುರುತಿಸಿಕೊಳ್ಳುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಿಲ್ಲ, ದೇವಿಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪನೂ ಅಲ್ಲ. ಕೊಪ್ಪಳ ಜಿಲ್ಲೆಯಲ್ಲಿರುವ ನಿಮ್ಮನ್ನು ಕಾನೂನು ಒಪ್ಪುತ್ತದೆಯೇ ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ವಕೀಲಿ ವೃತ್ತಿಯಲ್ಲಿದ್ದು ಇಂಥ ಅರ್ಜಿಗಳನ್ನು ಬರೆದುಕೊಡುವ ನನ್ನ ಉತ್ತರ: 2019ರ ಕಾಯ್ದೆ ಮೊದಲು ಬಂದ ರೂಪದಲ್ಲಿ ಒಪ್ಪಿತ್ತು, ಆದರೆ ನಾನ್‌ಬೈನರಿ (ಗಂಡು, ಹೆಣ್ಣು ಎರಡೂ ಅಲ್ಲ) ಎಂಬ ಹೆಸರಿನಲ್ಲಿ ಅಲ್ಲ.

ತನ್ನ ಲಿಂಗತ್ವ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಹೇಳಿತು. ಅದರ ನಂತರ 2019ರಲ್ಲಿ ಬಂದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆಯು ತನ್ನ ವ್ಯಾಖ್ಯಾನದಲ್ಲಿ ಕಿನ್ನರ, ಹಿಜ್ರಾ, ಅರವಾಣಿ, ಜೋಗತ ಎಂಬ ಸಮುದಾಯಗಳ ಜೊತೆಗೆ ಜೆಂಡರ್‌ಕ್ವೀರ್, ಅಂದರೆ ಗಂಡು ಅಥವಾ ಹೆಣ್ಣು ಎಂಬ ಚೌಕಟ್ಟಿಗೆ ಒಗ್ಗದ, ವ್ಯಕ್ತಿಗಳನ್ನೂ ಸೇರಿಸಿತು. ಆ ರೂಪದ ಕಾಯ್ದೆಯಲ್ಲಿ ನಿಮ್ಮಂಥವರ ಅರ್ಜಿ ನಿಲ್ಲುತ್ತಿದ್ದದ್ದು ಈ ಕೊನೆಯ ಪದದ ಮೇಲೆ. ಆರನೆಯ ಸೆಕ್ಷನ್‌ನಡಿ ಜಿಲ್ಲಾಧಿಕಾರಿಗಳು ಟ್ರಾನ್ಸ್‌ಜೆಂಡರ್ ಎಂಬ ಗುರುತಿನ ಪ್ರಮಾಣಪತ್ರ ಕೊಡುತ್ತಾರೆ. 2020ರ ನಿಯಮಗಳು ಅದಕ್ಕೆ ವೈದ್ಯಕೀಯ ತಪಾಸಣೆ ಕೇಳಲಿಲ್ಲ, ಅಫಿಡವಿಟ್ ಮಾತ್ರ ಕೇಳಿದವು. ಏಳನೆಯ ಸೆಕ್ಷನ್ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಡು ಅಥವಾ ಹೆಣ್ಣು ಎಂದು ಬದಲಿಸಿಕೊಳ್ಳುವವರಿಗಾಗಿ ಇರುವುದರಿಂದ ನೀವು ಅದರ ಗೋಜಿಗೆ ಹೋಗಬೇಕಿಲ್ಲ. ಆದರೆ ಈ ವ್ಯಾಖ್ಯಾನವೂ ವಿಧಾನವೂ ಹಾಗೆಯೇ ಉಳಿದಿವೆಯೇ ಎಂದು ತಿಳಿಯಲು, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ತಿದ್ದುಪಡಿಗಳನ್ನು ತಪ್ಪದೆ ನೋಡಿಕೊಳ್ಳಿ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಹುಲಿಗೆಮ್ಮನ ಸನ್ನಿಧಿಗೆ ನಡೆದುಕೊಳ್ಳುವ ಜೋಗಪ್ಪಂದಿರನ್ನು ಈ ಸೀಮೆಯ ಜನ ತಲೆಮಾರುಗಳಿಂದ ಕಂಡಿದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಮತ್ತು 2021ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಈ ಪರಿಚಯದಿಂದಲೇ ಜೋಗಪ್ಪನಲ್ಲದ, ಸೀರೆ ಉಡದ, ಪಡ್ಡಲಗಿ (ದೇವಿಯ ಬುಟ್ಟಿ) ಹೊರದ ವ್ಯಕ್ತಿಯೊಬ್ಬರು ಎದುರಿಗೆ ಬಂದಾಗ ಮನೆಯವರಿಗೂ ಗುಮಾಸ್ತರಿಗೂ ಅನುಮಾನ ಹುಟ್ಟುತ್ತದೆ. ಮುತ್ತು ಕಟ್ಟುವುದು ಭಕ್ತಿಯ ಸಂಗತಿ, ಅದನ್ನು ಒಪ್ಪಿಕೊಂಡವರು ಅದರ ನೇಮಗಳನ್ನೂ ಒಪ್ಪಿಕೊಂಡಿರುತ್ತಾರೆ. ಅದನ್ನು ಪ್ರಮಾಣಪತ್ರದ ಷರತ್ತಾಗಿಸುವ ಅಧಿಕಾರ ಯಾವ ಕಚೇರಿಗೂ ಇಲ್ಲ. ಈ ಮಾತನ್ನು ಅಲ್ಲಿ ಗೌರವದಿಂದಲೇ, ಆದರೆ ಗಟ್ಟಿಯಾಗಿ ಹೇಳಿ.

ಜರ್ಮನಿ 2018ರಲ್ಲಿ ಗಂಡು, ಹೆಣ್ಣು ಬಿಟ್ಟು ಮತ್ತೊಂದು ದಾಖಲೆಯನ್ನು ಒಪ್ಪಿತು. ಅದಕ್ಕೂ ಮೊದಲು, 2007ರಲ್ಲಿ, ನೇಪಾಳದ ಸುಪ್ರೀಂ ಕೋರ್ಟ್ ಮೂರನೆಯ ಲಿಂಗವನ್ನು ಮಾನ್ಯ ಮಾಡಿತ್ತು. ನಮ್ಮ ಆಧಾರ್‌ನಲ್ಲಿಯೂ ಮೂರನೆಯ ಆಯ್ಕೆ ಇದೆ. ಆದರೆ ಪರಸ್ಪರ ಬೇರೆಯಾದ ಎಷ್ಟೋ ಬದುಕುಗಳನ್ನು ಆ ಒಂದೇ ಕಾಲಂ ಹೊರಬೇಕಾಗಿದೆ. ಇದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಹಾಗಿದ್ದರೂ ಆ ಕಾಲಂ ಬೇಡವೆಂದು ಬಿಡಬೇಡಿ ಎನ್ನುತ್ತೇನೆ, ಏಕೆಂದರೆ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ 2021ರಿಂದ ಇರುವ ಶೇಕಡಾ 1ರ ಮೀಸಲಾತಿಯನ್ನು ಕೇಳಲು ಸಹ ಈ ಗುರುತೇ ಬೇಕು.

ಮೊದಲು ಪ್ರಮಾಣಪತ್ರ ಪಡೆದು, ಆಮೇಲೆ ಆಧಾರ್, ಕೊನೆಗೆ ಅಂಕಪಟ್ಟಿ ಎಂಬ ಕ್ರಮದಲ್ಲಿ ಹೋಗಿ. ಹೆಚ್ಚು ಓಡಾಟ ಅಂಕಪಟ್ಟಿಯದೇ. ಪ್ರಮಾಣಪತ್ರದ ಅರ್ಜಿಯನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹಾಕಿದರೆ ಸ್ವೀಕೃತಿ ಸಂಖ್ಯೆ ನಿಮ್ಮ ಕೈಯಲ್ಲಿರುತ್ತದೆ. 2020ರ ನಿಯಮಗಳು ಜಿಲ್ಲಾಧಿಕಾರಿಗಳಿಗೆ ಕೊಟ್ಟ ಗಡುವು 30 ದಿನ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿಯೇ ಪಡೆಯಿರಿ. ಮೇಲ್ಮನವಿಗೆ ಅದು ಬೇಕಾಗುತ್ತದೆ.