ವಿಜಯಪುರದಲ್ಲೇ ಇದ್ದು ಆನ್‌ಲೈನ್ ಡ್ರೆಸಾಜ್ ಸ್ಪರ್ಧೆಗೆ ಇಳಿಯೋದು ಹೇಗೆ?

ಡ್ರೆಸಾಜ್ ಅಂದರೆ ಸವಾರರ ಸೂಚನೆಯಂತೆ ಕುದುರೆ ನಿಗದಿತ ಚಲನೆಗಳನ್ನು ಎಷ್ಟು ಹದವಾಗಿ ಮಾಡುತ್ತದೆ ಎಂದು ಅಳೆಯುವ ಸ್ಪರ್ಧೆ. ಆನ್‌ಲೈನ್ ಆದರೆ ಕುದುರೆಯನ್ನು ಲಾರಿ ಹತ್ತಿಸಬೇಕಿಲ್ಲ. ಆಯೋಜಕರು ಕೊಡುವ ‘ಟೆಸ್ಟ್’, ಅಂದರೆ ನಡಿಗೆ, ಕುಕ್ಕುಲೋಟ, ವೃತ್ತಗಳ ನಿಗದಿತ ಸರಣಿಯನ್ನು ನಿಮ್ಮ ಹೊಲದಲ್ಲೇ ಸವಾರಿ ಮಾಡಿ ವಿಡಿಯೊ ಕಳಿಸಿ. ತೀರ್ಪುಗಾರರು ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ ಕೊಟ್ಟು ಟಿಪ್ಪಣಿ ಬರೆಯುತ್ತಾರೆ. ಹತ್ತಿರದಲ್ಲಿ ಕೋಚ್ ಸಿಗದ ನಮ್ಮಂಥವರಿಗೆ ಪದಕಕ್ಕಿಂತ ಆ ಟಿಪ್ಪಣಿಯೇ ದೊಡ್ಡದು.

ಅಂಕಣದ ಅಂಚಿನಲ್ಲಿ ಗುರುತಿಗೆ ನೆಟ್ಟ ಯಾವ ಅಕ್ಷರದ ಬಳಿ ಯಾವ ಚಲನೆ ಎಂಬುದರ ಮೇಲೆ ಅಂಕ ನಿಂತಿರುವುದರಿಂದ, 20×40 ಮೀಟರ್ ಅಂಕಣವನ್ನು ಟೇಪು ಹಿಡಿದು ಅಳೆದೇ ಅಕ್ಷರಫಲಕ ನೆಡಿ. ಕ್ಯಾಮೆರಾ ಸಾಮಾನ್ಯವಾಗಿ ‘ಸಿ’ ಅಕ್ಷರದ ಹಿಂದೆ, ತೀರ್ಪುಗಾರರು ಕೂರುವ ಜಾಗದಲ್ಲಿ. ಚಿತ್ರೀಕರಣ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿರಲಿ.

ನಮ್ಮ ಎರೆ ನೆಲದ ಬಗ್ಗೆ ಮಾತ್ರ ಎಚ್ಚರ: ಮಳೆಯಾದರೆ ಗೊರಸಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಮರಳು ಹಾಸಿ ಹದಮಾಡಿದ ಮೇಲೆಯೇ ಕುದುರೆ ಇಳಿಸಿ. ಮೊದಲ ಸಲಕ್ಕೆ ನಾಗಾಲೋಟವಿಲ್ಲದ ಹಂತವನ್ನೇ ಆರಿಸಿಕೊಳ್ಳಿ.