ಅರ್ಧ ಟ್ರ್ಯಾಕ್ ಒದ್ದೆ, ಅರ್ಧ ಟ್ರ್ಯಾಕ್ ಒಣ: ಓಟದ ಕಾರಿಗೆ ಯಾವ ಟೈರ್?

ಸ್ಪೋರ್ಟ್ಸ್ ಕಾರ್ ಓಟ ಮತ್ತು ಮಳೆಯ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಸಿಂಧನೂರಿನಲ್ಲಿ ಮಳೆ ಸುರಿಯುವ ಹೊತ್ತಿಗೆ ಮಸ್ಕಿಯಲ್ಲಿ ಧೂಳು ಏಳುತ್ತಿರುವುದು ನಮಗೆ ಹೊಸದಲ್ಲ. ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟವನ್ನು ನೋಡುವಾಗ ಒಂದೇ ಟ್ರ್ಯಾಕಿನಲ್ಲಿಯೂ ಹಾಗೆಯೇ ಆಗುವುದನ್ನು ಕಂಡೆ. ಹನಿ ಬೀಳತೊಡಗಿದ ಕೂಡಲೇ ಕೆಲವು ತಂಡಗಳು ಟೈರ್ ಬದಲಿಸಿದವು, ಕೆಲವು ಬದಲಿಸಲಿಲ್ಲ. ಇಷ್ಟೆಲ್ಲ ರೇಡಾರ್, ಕಂಪ್ಯೂಟರ್ ಇದ್ದೂ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುವುದಿಲ್ಲವೇಕೆ?
– ಶಾಲಾ ಶಿಕ್ಷಕರೊಬ್ಬರು, ಸಿಂಧನೂರು

ಉತ್ತರ: ರೇಡಾರ್ ಹೇಳುವುದು ಮೋಡದ ಸುದ್ದಿಯನ್ನು, ತಂಡಕ್ಕೆ ಬೇಕಾದದ್ದು ಡಾಂಬರಿನ ಸುದ್ದಿ. ಲೆ ಮಾನ್‌ನ ಒಂದು ಸುತ್ತು 13.626 ಕಿಲೋಮೀಟರ್, ಬೆಲ್ಜಿಯಂನ ಸ್ಪಾದಲ್ಲಿ 7.004 ಕಿಲೋಮೀಟರ್, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಗಳ ಓಟದಲ್ಲಿ 25 ಕಿಲೋಮೀಟರ್‌ಗೂ ಹೆಚ್ಚು. ಇಷ್ಟು ಉದ್ದದ ಹಾದಿಯಲ್ಲಿ ಎಲ್ಲಿ ನೀರು ನಿಂತಿದೆ, ಮರಗಳ ನೆರಳಿನಲ್ಲಿ ಎಲ್ಲಿ ಇನ್ನೂ ಆರಿಲ್ಲ, ಹತ್ತಾರು ಕಾರುಗಳ ಓಡಾಟದಿಂದ ಎಲ್ಲಿ ಒಣ ಗೆರೆಯೊಂದು ಮೂಡಿದೆ ಎಂಬುದನ್ನು ಒಳಗೆ ಕುಳಿತ ಚಾಲಕನೇ ಹೇಳಬೇಕು.

ಇನ್ನು ಟೈರ್‌ಗಳ ವಿಷಯ. ಒಣ ಟ್ರ್ಯಾಕಿನ ಸ್ಲಿಕ್ ಟೈರಿನ ಮೈಮೇಲೆ ತೋಡುಗಳಿರುವುದಿಲ್ಲ. ರಬ್ಬರಿನ ಇಡೀ ಮೈ ನೆಲವನ್ನು ಹಿಡಿಯುತ್ತದೆ, ಆದರೆ ಚೆನ್ನಾಗಿ ಬಿಸಿಯೇರಿದಾಗ ಮಾತ್ರ. ನೀರು ಹೊರಹೋಗಲು ದಾರಿಯಿಲ್ಲದ ಕಾರಣ ವೇಗ ಹೆಚ್ಚಿದಂತೆ ಟೈರ್ ನೀರಿನ ಪದರದ ಮೇಲೇರಿ ತೇಲತೊಡಗುತ್ತದೆ, ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಕಾರು ಕೇಳುವುದಿಲ್ಲ. ಮಳೆಯ ಟೈರಿನ ಆಳವಾದ ತೋಡುಗಳು ನೀರನ್ನು ಪಕ್ಕಕ್ಕೆ ಚೆಲ್ಲುತ್ತವೆ, ಅದರ ಮೆತ್ತನೆಯ ರಬ್ಬರು ಕಡಿಮೆ ಬಿಸಿಯಲ್ಲಿಯೂ ಹಿಡಿತ ಕೊಡುತ್ತದೆ. ಅದೇ ಟೈರ್ ಒಣ ನೆಲದ ಮೇಲೆ ಕೆಲವೇ ಸುತ್ತುಗಳಲ್ಲಿ ಅತಿಯಾಗಿ ಕಾದು, ಅದರ ರಬ್ಬರಿನ ತುಂಡುಗಳು ಬಾಗಿ, ಹರಿದುಹೋಗುತ್ತವೆ. ಮಳೆ ನಿಂತ ಮೇಲೆ ಚಾಲಕರು ನೇರ ಹಾದಿಯಲ್ಲಿ ಬೇಕೆಂದೇ ಅಂಚಿನ ನೀರಿನ ಮೇಲೆ ಕಾರು ಓಡಿಸುವುದನ್ನು ನೀವು ಕಂಡಿರಬಹುದು. ಅದು ಟೈರನ್ನು ತಣಿಸುವ ಉಪಾಯ. ಫಾರ್ಮುಲಾ ಒನ್‌ನಲ್ಲಿ ಇವೆರಡರ ನಡುವೆ ಇಂಟರ್‌ಮೀಡಿಯೆಟ್ ಎಂಬ ಮೂರನೆಯ ಬಗೆ ಇದೆ. ಲೆ ಮಾನ್ ಸೇರಿದಂತೆ ದೀರ್ಘಾವಧಿಯ ಓಟಗಳ ಸರಣಿಯಾದ ಇಂದಿನ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ ಆ ಅನುಕೂಲ ಇಲ್ಲ: ಸ್ಲಿಕ್ ಇಲ್ಲವೇ ವೆಟ್, ಎರಡರಲ್ಲೊಂದು.

ಒಂದೇ ಮಾಹಿತಿ ಕೈಯಲ್ಲಿದ್ದರೂ ತೀರ್ಮಾನಗಳು ಬೇರೆಯಾಗುವುದು, ನನ್ನ ದೃಷ್ಟಿಯಲ್ಲಿ, ಪ್ರತಿ ತಂಡದ ಅಗತ್ಯ ಬೇರೆಯಾಗಿರುವುದರಿಂದ. ಇಂಧನ ಮುಗಿಯುತ್ತ ಬಂದಿರುವ ಕಾರು ಹೇಗೂ ಪಿಟ್‌ಗೆ, ಎಂದರೆ ಇಂಧನ ತುಂಬಿಸಿ ಟೈರ್ ಬದಲಿಸುವ ಟ್ರ್ಯಾಕ್ ಪಕ್ಕದ ತಾಣಕ್ಕೆ, ಬರಲೇಬೇಕಾದ್ದರಿಂದ ಅದಕ್ಕೆ ಟೈರ್ ಬದಲಿಸುವುದು ಅಗ್ಗದ ಕೆಲಸ. ಈಗಷ್ಟೇ ಇಂಧನ ತುಂಬಿಸಿಕೊಂಡು ಹೋದ ಕಾರಿಗೆ ಅದೇ ಕೆಲಸ ದುಬಾರಿ, ಮಳೆ ಬೇಗ ನಿಂತರೆ ಮತ್ತೊಮ್ಮೆ ಬಂದು ಸ್ಲಿಕ್ ಹಾಕಿಸಿಕೊಳ್ಳಬೇಕಾಗಿ ದುಪ್ಪಟ್ಟು ದುಬಾರಿ. ಮುಂದಿರುವವನು ಹಿಂಬಾಲಿಸುವವನನ್ನು ನೋಡಿಕೊಂಡು ಅವನಂತೆಯೇ ಮಾಡಿದರೆ ಸಾಕು, ಅಂತರ ಉಳಿಯುತ್ತದೆ. ಹಿಂದುಳಿದವನಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರದ ಕಾರಣ ಅವನು ಜೂಜಿಗೆ ಇಳಿಯುತ್ತಾನೆ. ಎರಡು ಕಾರುಗಳಿರುವ ತಂಡವು ಒಂದನ್ನು ಒಳಕ್ಕೆ ಕರೆದು ಇನ್ನೊಂದನ್ನು ಹೊರಗೇ ಬಿಡುವುದೂ ಉಂಟು. ಪಿಟ್ ಪ್ರವೇಶವನ್ನು ದಾಟಿದ ಮೇಲೆ ಮನಸ್ಸು ಬದಲಾಯಿಸಿದರೆ ಲೆ ಮಾನ್‌ನಲ್ಲಿ ಇನ್ನೂ ಹದಿಮೂರೂವರೆ ಕಿಲೋಮೀಟರ್ ತಪ್ಪು ಟೈರಿನ ಮೇಲೆಯೇ ಕ್ರಮಿಸಬೇಕು ಎಂಬುದನ್ನು ಗಮನದಲ್ಲಿಟ್ಟು ನೋಡಿದರೆ, ಪಿಟ್‌ನ ಗೋಡೆಯ ಬಳಿ ಕುಳಿತ ಎಂಜಿನಿಯರುಗಳ ಮುಖ ಅಷ್ಟೇಕೆ ಬಿಗಿದಿರುತ್ತದೆ ಎಂಬುದು ತಿಳಿಯುತ್ತದೆ.

ಮಳೆ ಬಂದಾಗ ಕಾರಿನ ದರ್ಜೆಯೂ ತಲೆಕೆಳಗಾಗಬಲ್ಲದು. 2015ರಲ್ಲಿ ಅಮೆರಿಕದ ರೋಡ್ ಅಟ್ಲಾಂಟಾದಲ್ಲಿ ನಡೆದು, ಮಳೆಯಿಂದಾಗಿ ನಿಗದಿತ ಅವಧಿಗೆ ಮುನ್ನವೇ ಮುಗಿದ ಪೆಟಿ ಲೆ ಮಾನ್ ಓಟದಲ್ಲಿ, ಹಿಂಬದಿಯಲ್ಲಿ ಎಂಜಿನ್ ಇರುವ ಪೋರ್ಶೆ 911 ತನಗಿಂತ ಮೇಲ್ದರ್ಜೆಯ, ಓಟಕ್ಕೆಂದೇ ಕಟ್ಟಿದ ಪ್ರೊಟೊಟೈಪ್ ಕಾರುಗಳನ್ನೆಲ್ಲ ಹಿಂದಿಕ್ಕಿ ಒಟ್ಟಾರೆ ಪ್ರಥಮ ಸ್ಥಾನ ಪಡೆಯಿತು.

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಹವಾಮಾನ ನಂಬುವಂತಿಲ್ಲದ ವಾರಾಂತ್ಯದಲ್ಲಿ ವೃತ್ತಿಪರ ತಂಡವು ಕಾರನ್ನು ಹೇಗೆ ಸಿದ್ಧಪಡಿಸುತ್ತದೆ?
– ಬಳ್ಳಾರಿ

ಉತ್ತರ: ಅಪ್ಪಟ ಮಳೆಗೆ ಸಿದ್ಧಪಡಿಸಿದ ಕಾರಿನ ನೆಲಗಟ್ಟು ತುಸು ಎತ್ತರದಲ್ಲಿರುತ್ತದೆ, ಸ್ಪ್ರಿಂಗ್ ಮತ್ತು ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್‌ಗಳು ಮೆದುವಾಗಿರುತ್ತವೆ, ಹಿಂಬದಿಯ ರೆಕ್ಕೆ ಹೆಚ್ಚು ಓರೆಯಾಗಿ ಕಾರನ್ನು ನೆಲಕ್ಕೆ ಒತ್ತುತ್ತದೆ, ಬ್ರೇಕ್ ಅತಿಯಾಗಿ ತಣ್ಣಗಾಗದಿರಲೆಂದು ಅದಕ್ಕೆ ಗಾಳಿ ಊದುವ ಕೊಳವೆಗಳನ್ನು ಭಾಗಶಃ ಮುಚ್ಚಲಾಗುತ್ತದೆ. ಓಟ ಶುರುವಾದ ಮೇಲೆ ಸ್ಪ್ರಿಂಗ್ ಬದಲಿಸುತ್ತ ಕೂರಲಾಗದು. ಟೈರಿನ ಒತ್ತಡವನ್ನು ಪಿಟ್‌ನಲ್ಲಿ, ಬ್ರೇಕಿನ ಮುಂದು-ಹಿಂದಿನ ಹಂಚಿಕೆ ಮತ್ತು ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಚಾಲಕನ ಕೈಯಿಂದಲೇ ಹೊಂದಿಸಬಹುದು, ಅಷ್ಟೆ. ಆದ್ದರಿಂದ ಅನುಮಾನದ ದಿನ ಬಹುತೇಕ ತಂಡಗಳು ಒಣ ಟ್ರ್ಯಾಕಿಗೆ ಹೊಂದುವ, ಆದರೆ ಸ್ವಲ್ಪ ಸಡಿಲವಾದ ಹೊಂದಾಣಿಕೆಗೆ ಒಪ್ಪಿಕೊಳ್ಳುತ್ತವೆ. ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕವಿಯದಂತೆ ನೋಡಿಕೊಳ್ಳುವುದು ಕ್ಷುಲ್ಲಕವೆಂದು ನಿಮಗೆ ತೋರಬಹುದು. ಮುಚ್ಚಿದ ಕಾರಿನಲ್ಲಿ ಅದೊಂದು ಕೆಟ್ಟರೆ ಮೇಲೆ ಹೇಳಿದ್ದೆಲ್ಲವೂ ವ್ಯರ್ಥ.

ಶುಕ್ರವಾರ ಮಳೆ, ಭಾನುವಾರ ಬಿಸಿಲು ಎಂದಾದರೆ ಅಭ್ಯಾಸದಲ್ಲಿ ಕಲೆಹಾಕಿದ ಅಂಕಿಅಂಶಗಳು ಹೆಚ್ಚು ಉಪಯೋಗಕ್ಕೆ ಬಾರವು. ಹಾಗೆಂದು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿಕೊಳ್ಳುವ ತಂಡವನ್ನು ನಾನು ಮೆಚ್ಚಲಾರೆ. ಏಕೆಂದರೆ ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನು ಆಧರಿಸಿದ ಜಿಟಿ ಕಾರುಗಳ ಎಲ್‌ಎಂಜಿಟಿ3 ದರ್ಜೆಯಲ್ಲಿ ಪ್ರತಿ ಕಾರಿಗೂ ‘ಕಂಚು’ ಶ್ರೇಣಿಯ, ಎಂದರೆ ಹವ್ಯಾಸಿ ಮಟ್ಟದ ಚಾಲಕರೊಬ್ಬರು ಇರಲೇಬೇಕು. ಅವರು ಮಳೆಯ ಟ್ರ್ಯಾಕನ್ನು ಮೊದಲು ಕಾಣುವುದು ಓಟದ ನಡುರಾತ್ರಿಯಲ್ಲಾಗಬಾರದು. ಲೆ ಮಾನ್‌ನಲ್ಲಿ ಯಾವ ಚಾಲಕರೂ ಯಾವುದೇ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟಾರೆ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲದ ಕಾರಣ, ನುರಿತ ಚಾಲಕನನ್ನು ಮಳೆಗೆಂದು ಉಳಿಸಿಕೊಳ್ಳುವ ಲೆಕ್ಕವೂ ಎಂಜಿನಿಯರ್ ತಲೆಯ ಮೇಲೆಯೇ ಬರುತ್ತದೆ. ಮಳೆಯಲ್ಲಿ ನುರಿತ ಚಾಲಕ ಎಷ್ಟು ಫಲ ಕೊಡಬಲ್ಲ ಎಂಬುದಕ್ಕೆ 1970ರ ಬ್ರಾಂಡ್ಸ್ ಹ್ಯಾಚ್ 1000 ಕಿಲೋಮೀಟರ್ ಓಟವನ್ನು ನೋಡಿ: ಅಪಾಯ ಸೂಚಿಸುವ ಹಳದಿ ಬಾವುಟವಿದ್ದಾಗ ಮುನ್ನುಗ್ಗಿದ ತಪ್ಪಿಗೆ ಪಿಟ್‌ಗೆ ಕರೆಸಿ ಛೀಮಾರಿ ಹಾಕಿಸಿಕೊಂಡ ಪೆಡ್ರೊ ರೊಡ್ರಿಗಸ್, ಸುರಿವ ಮಳೆಯಲ್ಲಿ ಪೋರ್ಶೆ 917 ಓಡಿಸಿ, ಜೊತೆಗಾರ ಲಿಯೊ ಕಿನ್ನುನೆನ್ ಅವರೊಡನೆ ಐದು ಸುತ್ತುಗಳ ಅಂತರದಿಂದ ಗೆದ್ದರು.

ಪ್ರಶ್ನೆ: ಓಟದ ಕಾರುಗಳೇ ಬೋಳು ಟೈರಿನಲ್ಲಿ ಓಡುವುದಾದರೆ ಸವೆದ ಟೈರಿನಲ್ಲಿ ನಾವು ಓಡಿಸಿದರೆ ತಪ್ಪೇನು?
– ಗಂಗಾವತಿ

ಉತ್ತರ: ಸವೆದ ಟೈರ್ ಸ್ಲಿಕ್ ಆಗುವುದಿಲ್ಲ. ಸ್ಲಿಕ್ ಟೈರಿನ ರಬ್ಬರು ಮೆದು, ಬಿಸಿಯೇರಿ ಅಂಟುವಂಥದು. ನಿಮ್ಮ ಟೈರಿನದು ಬಹುಕಾಲ ಬಾಳಲೆಂದು ಗಟ್ಟಿಯಾಗಿ ಮಾಡಿದ್ದು, ಹಳತಾದಷ್ಟೂ ಇನ್ನಷ್ಟು ಗಡಸಾಗುವಂಥದು. ಕಾರಿನ ಟೈರಿನ ತೋಡುಗಳ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಬದಲಿಸಬೇಕು. ತೋಡಿನ ತಳದಲ್ಲಿರುವ ಸಣ್ಣ ದಿಂಡು ಮೇಲ್ಮೈಗೆ ಸಮವಾದರೆ ಆ ಮಟ್ಟ ತಲುಪಿತೆಂದು ತಿಳಿಯಿರಿ.

ಪ್ರಶ್ನೆ: ಮಳೆಯಾದಾಗ ಓಟದ ಬದಲು, ವೇಗ ತಗ್ಗಿಸಲು ಮುಂದೆ ಓಡುವ ಸೇಫ್ಟಿ ಕಾರಿನ ಹಿಂದೆ ಗಂಟೆಗಟ್ಟಲೆ ಮೆರವಣಿಗೆ ನಡೆಸುವುದು ಪ್ರೇಕ್ಷಕರಿಗೆ ಮಾಡುವ ಮೋಸವಲ್ಲವೇ?
– ಕೊಪ್ಪಳ

ಉತ್ತರ: ಬೇಸರ ಹೌದು, ಮೋಸವಲ್ಲ. 2024ರ ಲೆ ಮಾನ್‌ನಲ್ಲಿ ರಾತ್ರಿ ನಾಲ್ಕು ಗಂಟೆಗೂ ಹೆಚ್ಚು ಕಾಲ ಸೇಫ್ಟಿ ಕಾರ್ ಮುಂದಿತ್ತು. ಅಂಥ ಹೊತ್ತಿನಲ್ಲಿ ಹಿಡಿತಕ್ಕಿಂತ ದೊಡ್ಡ ತೊಡಕು ದೃಷ್ಟಿಯದು. ಮುಂದಿನ ಕಾರು ಎಬ್ಬಿಸಿದ ತುಂತುರಿನ ಗೋಡೆಯೊಳಗೆ, ಬಹಳ ನಿಧಾನವಾದ ಜಿಟಿ ಕಾರೊಂದು ಇರುವುದನ್ನು ಅತಿವೇಗದ ಮೇಲ್ದರ್ಜೆಯ ಹೈಪರ್‌ಕಾರ್ ಚಾಲಕ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಗಳ ಓಟವನ್ನು ಅದೇ ವರ್ಷ ಮಂಜು ನುಂಗಿ, ನಿಜವಾಗಿ ಓಡಿದ್ದು ಏಳು ಗಂಟೆಗಳಿಗೆ ಸ್ವಲ್ಪ ಹೆಚ್ಚು ಕಾಲ ಮಾತ್ರ. ಟ್ರ್ಯಾಕ್ ಬದಿಯ ಮಾರ್ಷಲ್‌ಗಳ ಎಚ್ಚರಿಕೆಯ ಬಾವುಟವೇ ಕಾಣದಿರುವಲ್ಲಿ ಓಟ ಮುಂದುವರಿಸಿದ್ದರೆ ಸಂಘಟಕರನ್ನು ನಾನೇ ಮೊದಲು ಟೀಕಿಸುತ್ತಿದ್ದೆ.

ಪ್ರಶ್ನೆ: ಈ ಬಗೆಯ ಓಟಗಳಲ್ಲಿ ನಮ್ಮವರು ಇದ್ದಾರೆಯೇ? ನಮ್ಮ ಕಡೆಯಿಂದ ಹೋಗಿ ನೋಡುವಂಥ ಟ್ರ್ಯಾಕ್ ಯಾವುದು?
– ಸಿರುಗುಪ್ಪ

ಉತ್ತರ: ಇದ್ದಾರೆ. ಚೆನ್ನೈನ ಕರುಣ್ ಚಂದೋಕ್ 2012ರ ಲೆ ಮಾನ್‌ನಲ್ಲಿ ಆರನೆಯವರಾಗಿ ಓಟ ಮುಗಿಸಿದ ತಂಡದಲ್ಲಿದ್ದರು. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ಡಿಟಿಎಂ ಕಾರ್ ಓಟದ ಸರಣಿಗೆ ಕಾಲಿಟ್ಟ ಮೊದಲ ಭಾರತೀಯ. ನೋಡಲು ಹೋಗುವುದಾದರೆ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರಿನ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈಗೆ ಹಿಂಗಾರು ಮಳೆಯ ಕಾಲ; ಮಳೆಯ ಓಟವನ್ನೇ ನೋಡಬೇಕೆಂದಿದ್ದರೆ ಆ ತಿಂಗಳುಗಳಲ್ಲಿ ನಡೆಯುವ ಸುತ್ತಿಗೆ ಹೋಗಿ, ಕೊಡೆಯ ಬದಲು ರೇನ್‌ಕೋಟ್ ಒಯ್ಯಿರಿ, ಏಕೆಂದರೆ ಗ್ಯಾಲರಿಯಲ್ಲಿ ಕೊಡೆ ಬಿಚ್ಚಿದರೆ ಹಿಂದೆ ಕುಳಿತವರಿಗೆ ಏನೂ ಕಾಣುವುದಿಲ್ಲ.