ಅಕೌಂಟಿಂಗ್‌ಗೆ ಎಎಸ್ ಮಾಡಲಾ, ಎಎಸ್-ಟಿ ಮಾಡಲಾ? ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯಾವುದು ಸುಲಭ?

ಎಚ್‌4 ವೀಸಾ (ಎಚ್‌1ಬಿಯಲ್ಲಿ ದುಡಿಯುವವರ ಸಂಗಾತಿಗೆ ಸಿಗುವುದು), ಊರಲ್ಲಿ ಅರ್ಧಕ್ಕೆ ನಿಂತ ಬಿ.ಕಾಂ., ಮನೆ ಹತ್ತಿರದ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು). ನಿಮ್ಮ ಪ್ರಶ್ನೆಯನ್ನು ನಾನೇ ಯಾವಾಗಲೋ ಬರೆದು ಮರೆತಿದ್ದೆನೇನೋ ಅನ್ನಿಸಿತು. "ಸುಲಭದ್ದು ಮುಗಿಸಿ ಕೆಲಸಕ್ಕೆ ಸೇರಿಬಿಡ್ತೀನಿ, ನಾಲ್ಕು ವರ್ಷದ ಬಿಎಸ್ ಆಮೇಲೆ ನೋಡಿಕೊಳ್ತೀನಿ" ಅಂದಿದ್ದೀರಲ್ಲ, ನನ್ನ ಲೆಕ್ಕಾಚಾರವೂ ಅದೇ ಆಗಿತ್ತು.

ದಾವಣಗೆರೆಯಲ್ಲಿ ಬಿ.ಕಾಂ. ಎರಡನೇ ವರ್ಷ ಮುಗಿದಾಗ ಮದುವೆಯಾಗಿ ಬೇ ಏರಿಯಾಕ್ಕೆ ಬಂದೆ. ಬಂದ ಕೂಡಲೇ ಸೇರಲಿಲ್ಲ. ಎಚ್‌4ನವರೂ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ನೆಲೆಸಿದ್ದಕ್ಕೆ ದಾಖಲೆ ತೋರಿಸಿದರೆ ರಾಜ್ಯದವರ ಫೀಸಿನಲ್ಲೇ ಓದಬಹುದು, ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಇಲ್ಲದಿದ್ದರೆ ಅದರ ಹಲವು ಪಟ್ಟು. ಕಾದಿದ್ದು ಒಳ್ಳೆಯದೇ ಆಯಿತು. ಕೆಟ್ಟಿದ್ದು ಆಮೇಲೆ.

ಕ್ಯಾಟಲಾಗ್‌ನಲ್ಲಿ ಎರಡು ಡಿಗ್ರಿ ಅಕ್ಕಪಕ್ಕದಲ್ಲೇ ಇದ್ದವು. ಒಂದು ಅಕೌಂಟಿಂಗ್ ಎಎಸ್, ಅಂದರೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಇನ್ನೊಂದು ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಎಎಸ್-ಟಿ, ಅಂದರೆ ಸ್ಟೇಟ್ ಯೂನಿವರ್ಸಿಟಿಗೆ ವರ್ಗಾವಣೆಯಾಗಲೆಂದೇ ಇರುವ ಅಸೋಸಿಯೇಟ್ ಡಿಗ್ರಿ. ಎರಡಕ್ಕೂ 60 ಯೂನಿಟ್. ಎರಡಕ್ಕೂ ಮೇಜರ್‌ನಲ್ಲಿ (ಮುಖ್ಯ ವಿಷಯದಲ್ಲಿ) ಕನಿಷ್ಠ 18 ಯೂನಿಟ್, ಜಿಪಿಎ 2.0. ಮೊದಲನೆಯದರಲ್ಲಿ ಕ್ವಿಕ್‌ಬುಕ್ಸ್ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಪೇರೋಲ್, ಟ್ಯಾಕ್ಸ್, ಬಿಸಿನೆಸ್ ಮ್ಯಾತ್ಸ್. ಎರಡನೆಯದರಲ್ಲಿ ಮೈಕ್ರೋ, ಮ್ಯಾಕ್ರೋ ಎಕನಾಮಿಕ್ಸ್, ಬಿಸಿನೆಸ್ ಲಾ, ಸ್ಟಾಟಿಸ್ಟಿಕ್ಸ್, ಕ್ಯಾಲ್ಕುಲಸ್. ಕ್ಯಾಲ್ಕುಲಸ್ ಅನ್ನೋ ಪದ ಕಂಡಿದ್ದೇ ತಡ, ಮೊದಲನೆಯದನ್ನೇ ಆರಿಸಿಕೊಂಡೆ. 60 ಅಂದರೆ 60 ತಾನೆ, ನಾಳೆ ಸ್ಟೇಟ್ ಯೂನಿವರ್ಸಿಟಿಗೆ ಹೋದರೆ ಇನ್ನು 60 ಮಾಡಿದರಾಯಿತು ಅಂದುಕೊಂಡೆ.

ಇದೇ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ.

ಒಂದು ಕೋರ್ಸ್ ಮೂರು ರೀತಿಯಲ್ಲಿ ಲೆಕ್ಕಕ್ಕೆ ಬರಬಹುದು. ನಿಮ್ಮ ಕಾಲೇಜಿನ ಡಿಗ್ರಿಗೆ ಬರಬಹುದು. ಸಿಎಸ್‌ಯುಗೆ, ಅಂದರೆ ಸ್ಟೇಟ್ ಯೂನಿವರ್ಸಿಟಿಗೆ, ಬರೀ ಯೂನಿಟ್ ಆಗಿ ಹೋಗಬಹುದು. ಅಥವಾ ಅಲ್ಲಿನ ಒಂದು ಕಡ್ಡಾಯ ವಿಷಯದ ಜಾಗ ತುಂಬಬಹುದು. ಈ ಮೂರೂ ಬೇರೆ ಬೇರೆ. ಕ್ಯಾಟಲಾಗ್‌ನಲ್ಲಿ ಪ್ರತಿ ಕೋರ್ಸ್‌ನ ಕೆಳಗೆ ಚಿಕ್ಕ ಅಕ್ಷರದಲ್ಲಿ ಅದು ಎಲ್ಲಿಗೆ ವರ್ಗಾವಣೆಯಾಗುತ್ತದೋ ಅದನ್ನು ಸಿಎಸ್‌ಯು, ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಂತ ಬರೆದಿರುತ್ತಾರೆ. ನನ್ನ ಬಿಸಿನೆಸ್ ಮ್ಯಾತ್ಸ್ ಕೆಳಗೆ ಏನೂ ಇರಲಿಲ್ಲ, ಅದು ಪೂರ್ತಿ ದಂಡವಾಯಿತು. ಪೇರೋಲ್ ಕೆಳಗೆ ಸಿಎಸ್‌ಯು ಅಂತ ಇತ್ತು, ನೋಡಿ ಖುಷಿಪಟ್ಟಿದ್ದೆ. ಅದು ಎಲೆಕ್ಟಿವ್ (ಐಚ್ಛಿಕ ವಿಷಯ) ಆಗಿ ಹೋಯಿತೇ ಹೊರತು ಮೇಜರ್‌ನ ಯಾವ ಜಾಗವನ್ನೂ ತುಂಬಲಿಲ್ಲ. ಇನ್ನು ಜನರಲ್ ಎಜುಕೇಷನ್, ಅಂದರೆ ಮೇಜರ್ ಯಾವುದಾದರೂ ಎಲ್ಲರೂ ಓದಬೇಕಾದ ವಿಷಯಗಳು. ಸಿಎಸ್‌ಯುಗೆ ಜೂನಿಯರ್ ಆಗಿ, ಅಂದರೆ ಮೂರನೇ ವರ್ಷಕ್ಕೆ, ಸೇರಲು 60 ವರ್ಗಾವಣೆಯಾಗುವ ಯೂನಿಟ್ ಜೊತೆಗೆ ನಾಲ್ಕು ವಿಷಯ ಬೇಕೇ ಬೇಕು: ಇಂಗ್ಲಿಷ್ ಬರವಣಿಗೆ, ಭಾಷಣ, ಕ್ರಿಟಿಕಲ್ ಥಿಂಕಿಂಗ್, ಗಣಿತ. ನಾಲ್ಕರಲ್ಲೂ ಸಿ ಮೈನಸ್‌ಗಿಂತ ಕಡಿಮೆ ಬರಬಾರದು. ನನ್ನ ಡಿಗ್ರಿಗೆ ಇವುಗಳಲ್ಲಿ ಎಲ್ಲವೂ ಬೇಕಾಗಿರಲಿಲ್ಲ, ಹಾಗಾಗಿ ಕೆಲವನ್ನು ನಾನು ಮಾಡಿಯೇ ಇರಲಿಲ್ಲ.

ಡಿಗ್ರಿ ಕೈಯಲ್ಲಿತ್ತು, ಜೂನಿಯರ್ ಆಗಿ ಸೇರುವ ಅರ್ಹತೆ ಇರಲಿಲ್ಲ. ಅದೇ ಕಾಲೇಜಿಗೆ ಮತ್ತೆ ಹೋಗಿ, ಹದಿನೆಂಟರ ಹುಡುಗರ ಪಕ್ಕ ಕೂತು ಸ್ಟಾಟಿಸ್ಟಿಕ್ಸ್ ಕಲಿತೆ. ಅಷ್ಟೊತ್ತಿಗೆ ಮಗಳು ಹುಟ್ಟಿದ್ದಳು. ಕ್ಯಾಲ್ಕುಲಸ್ ಅಂತೂ ಹೆದರಿದಷ್ಟು ಇರಲೇ ಇಲ್ಲ, ಅದು ಬೇರೆ ಹೊಟ್ಟೆ ಉರಿ.

ಕೌನ್ಸೆಲರ್ ಹೇಳಲಿಲ್ವಾ ಅಂತ ಕೇಳಬಹುದು. "ಈ ಡಿಗ್ರಿಗೆ ಏನೇನು ಬೇಕು" ಅಂತ ನಾನು ಕೇಳಿದ್ದೆ. ಅದಕ್ಕೆ ಸರಿಯಾದ ಉತ್ತರವೇ ಸಿಕ್ಕಿತ್ತು.

ಹಾಗಾಗಿ "ಯಾವುದು ಸುಲಭ" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಸಿಪಿಎ, ಅಂದರೆ ಇಲ್ಲಿನ ಲೈಸೆನ್ಸ್ ಇರುವ ಅಕೌಂಟೆಂಟ್, ಆಗುವ ಆಸೆ ಇದೆ ಅಂತಲೂ ಬರೆದಿದ್ದೀರಿ. ಅದಕ್ಕೆ ಬ್ಯಾಚುಲರ್ ಡಿಗ್ರಿ ಬೇಕೇ ಬೇಕು, ಅಂದಮೇಲೆ ಎಎಸ್-ಟಿ ಬಿಟ್ಟು ಯೋಚನೆಯೇ ಮಾಡಬೇಡಿ. 2010ರ ಕಾನೂನಿನಿಂದ ಬಂದ ಡಿಗ್ರಿ ಅದು. ಕನಿಷ್ಠ ಅರ್ಹತೆ ಇದ್ದರೆ ಸಿಎಸ್‌ಯುನ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ, ಅದೇ ವಿಷಯದಲ್ಲಿ ಮುಂದುವರಿದರೆ ಉಳಿದ 60 ಯೂನಿಟ್‌ನಲ್ಲಿ ಬಿಎಸ್ ಮುಗಿಯುತ್ತದೆ. ಆದರೆ ಬೇ ಏರಿಯಾದ ಸ್ಯಾನ್ ಹೋಸೆ ಸ್ಟೇಟ್ ಕ್ಯಾಂಪಸ್ಸೇ ಸಿಗುತ್ತದೆ ಅಂತ ಖಾತ್ರಿಯಿಲ್ಲ, ಅಲ್ಲಿ ಪೈಪೋಟಿ ಜಾಸ್ತಿ. ಜನರಲ್ ಎಜುಕೇಷನ್‌ಗೆ 2025ರ ಫಾಲ್‌ನಿಂದ (ಆಗಸ್ಟ್ ಸುಮಾರಿಗೆ ಶುರುವಾಗುವ ಟರ್ಮ್) ಕ್ಯಾಲ್-ಜೆಟ್ಸಿ ಅಂತ ಒಂದೇ ಪಟ್ಟಿ ಬಂದಿದೆ, 34 ಯೂನಿಟ್. ಹಳಬರ ವಾಟ್ಸಾಪ್ ಪಟ್ಟಿ ನಂಬಬೇಡಿ, ಅದರಲ್ಲಿ ನನ್ನಂಥವರದೂ ಇರುತ್ತದೆ. ಪ್ರತಿ ಕೋರ್ಸ್ ಸೇರುವ ಮೊದಲು ಅಸಿಸ್ಟ್ ಡಾಟ್ ಆರ್ಗ್ ವೆಬ್‌ಸೈಟ್‌ನಲ್ಲಿ ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಹಾಕಿ ನೋಡಿ.

"ಮೊದಲು ಕೆಲಸ" ಅನ್ನುವುದಕ್ಕೂ ನನ್ನ ತಕರಾರಿದೆ. ಎಚ್‌4ನಲ್ಲಿ ಓದಲು ಅಡ್ಡಿಯಿಲ್ಲ, ದುಡಿಯಲು ಇಎಡಿ, ಅಂದರೆ ಕೆಲಸದ ಪರವಾನಗಿ, ಬೇಕು. ಸಾಮಾನ್ಯವಾಗಿ ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಪಾಸಾದ ಮೇಲೇ ಅದಕ್ಕೆ ಅರ್ಜಿ ಹಾಕಲಾಗುವುದು. ನಿಮ್ಮದು ಆಗಿದೆಯಾ? ನನಗೆ ಇಎಡಿ ಬಂದ ಮೇಲೆ ಬುಕ್‌ಕೀಪಿಂಗ್ ಕೆಲಸ ಸಿಕ್ಕಿತು, ನಿಜ. ಕೇಳಿದ್ದು ಕ್ವಿಕ್‌ಬುಕ್ಸ್ ಬರುತ್ತಾ ಅಂತ ಮಾತ್ರ. ಅಷ್ಟಕ್ಕೆ ಕಡಿಮೆ ಯೂನಿಟ್‌ನ ಸರ್ಟಿಫಿಕೇಟ್ ಸಾಕಿತ್ತು.

ಕೆಲಸದ ಡಿಗ್ರಿಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ನರ್ಸಿಂಗ್, ಡೆಂಟಲ್ ಹೈಜೀನ್, ಎಕ್ಸ್‌ರೇ ಟೆಕ್ನಾಲಜಿ ಓದುವವರಿಗೆ ಎರಡು ವರ್ಷದ ಡಿಗ್ರಿಯೇ ಲೈಸೆನ್ಸ್ ಪರೀಕ್ಷೆಗೆ ದಾರಿ. ಅಕೌಂಟಿಂಗ್‌ನಲ್ಲಿ ಹಾಗಿಲ್ಲ.

ಈ ಫಾಲ್‌ಗೆ ಸೇರುವುದಾದರೆ ಇಂಗ್ಲಿಷ್ ಕಾಂಪೊಸಿಷನ್, ಸ್ಟಾಟಿಸ್ಟಿಕ್ಸ್ ಎರಡನ್ನು ಮೊದಲು ಹಾಕಿಕೊಳ್ಳಿ. ಆಮೇಲೆ ಮೇಜರ್ ಬದಲಾಯಿಸಿದರೂ ಅವೆರಡು ಕೈಬಿಡುವುದಿಲ್ಲ. ಕ್ವಿಕ್‌ಬುಕ್ಸ್ ಬೇಸಿಗೆಯಲ್ಲಿ ಕಲಿತರಾಯಿತು.